ಮಗನ ಜೊತೆ ಘಾನಾಕ್ಕೆ ಹೊರಟಿದ್ದೇನೆ, ಸೊಳ್ಳೆಗೆ ಏನು ಹಚ್ಚಬೇಕು?

ಕೋಡಿಬಾಗದ ಅಮ್ಮ
ಎಲ್ಲರಿಗೂ ನಮಸ್ಕಾರ. ನಮ್ಮದು ಕಾರವಾರ. ನಮ್ಮವರಿಗೆ ಘಾನಾ ದೇಶದ ತೇಮಾ ಬಂದರಿನಲ್ಲಿ ಕೆಲಸ. ಹೋಗಿ ಒಂದು ವರ್ಷ ಆಯಿತು. ಈಗ ನಾನೂ ಮಗನೂ ಎರಡು ತಿಂಗಳು ಇದ್ದು ಬರೋಣ ಎಂದು ಟಿಕೆಟ್ ಮಾಡಿಸಿದ್ದೇವೆ. ಹೊರಡಲು ಇನ್ನು ನಾಲ್ಕು ವಾರ ಇದೆ. ಮಗನಿಗೆ ನಾಲ್ಕು ವರ್ಷ. ಅವನದು ಎಂಥ ಮೈ ಅಂದರೆ ಒಂದು ಸೊಳ್ಳೆ ಕಚ್ಚಿದರೂ ಅಷ್ಟಗಲ ದದ್ದು ಬಂದು ಎರಡು ದಿನ ಕೆರೆದುಕೊಳ್ಳುತ್ತಾನೆ. ಅಲ್ಲಿ ಮಲೇರಿಯಾ ಜಾಸ್ತಿ ಅಂತ ನಮ್ಮವರೇ ಹೇಳಿದ್ದಾರೆ, ಅದಕ್ಕೇ ನಿದ್ದೆ ಬರುತ್ತಿಲ್ಲ. ಅಂಗಡಿಗೆ ಹೋದರೆ ಕ್ರೀಮು, ಸ್ಪ್ರೇ, ಬಟ್ಟೆಗೆ ಅಂಟಿಸುವ ಚೀಟಿ, ಕೈಗೆ ಕಟ್ಟುವ ಪಟ್ಟಿ ಅಂತ ಹತ್ತು ನಮೂನೆ ತೋರಿಸಿದರು. ಯಾವುದನ್ನು ನಂಬಬೇಕು? ಹೊರದೇಶದಲ್ಲಿ ಇದ್ದು ಬಂದವರು, ಔಷಧಿ ಗೊತ್ತಿದ್ದವರು ದಯವಿಟ್ಟು ಹೇಳಿ.

ಸಿರಸಿ ತೋಟದಿಂದ
ತಂಗಿ, ನಮ್ಮ ಮನೆಯಲ್ಲಿ ಸಂಜೆ ಕೊಟ್ಟಿಗೆಗೆ ಅಡಿಕೆ ಸಿಪ್ಪೆ ಮೇಲೆ ಹಸಿ ಲಕ್ಕಿ ಸೊಪ್ಪು ಹಾಕಿ ಹೊಗೆ ಹಾಕುತ್ತೇವೆ. ಅಜ್ಜನ ಕಾಲದಿಂದ ಬಂದದ್ದು. ಆಕಳುಗಳು ಆ ಹೊಗೆಗೆ ತಾವಾಗಿಯೇ ಬಂದು ನಿಲ್ಲುತ್ತವೆ, ಅಷ್ಟು ಹಿತ ಅವಕ್ಕೆ. ಮಗುವಿಗೆ ಕೊಬ್ಬರಿ ಎಣ್ಣೆಗೆ ಬೇವಿನ ಎಣ್ಣೆ ಬೆರೆಸಿ ಹಚ್ಚಿ. ಅಂಗಡಿಯದ್ದೆಲ್ಲ ರಾಸಾಯನಿಕ, ಸಣ್ಣ ಮಗುವಿನ ಮೈಗೆ ಯಾಕೆ?

ಅಂಕೋಲೆಯ ಹಡಗಿನವ
ಅಕ್ಕ, ನಾನು ಹದಿನಾಲ್ಕು ವರ್ಷ ಸರಕು ಹಡಗಿನಲ್ಲಿ ಕೆಲಸ ಮಾಡಿದವ. ಪಶ್ಚಿಮ ಆಫ್ರಿಕದ ಬಂದರುಗಳಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಲ್ಲ, ತೇಮಾಕ್ಕೂ ಹೋಗಿದ್ದೇನೆ. ಸಿರಸಿ ಅಣ್ಣ ಬೇಸರ ಮಾಡಿಕೊಳ್ಳಬಾರದು, ನಮ್ಮ ಮನೆಯಲ್ಲೂ ಹೊಗೆ ಹಾಕುತ್ತಿದ್ದರು. ಆದರೆ ಇಲ್ಲಿ ಸೊಳ್ಳೆ ಕಚ್ಚಿದರೆ ಹೆಚ್ಚಾಗಿ ತುರಿಕೆ, ಅಲ್ಲಿ ಕಚ್ಚಿದರೆ ಜೀವಕ್ಕೇ ಬರಬಹುದು. ಆ ಕಡೆ ಹೆಚ್ಚಾಗಿ ಇರುವುದು ಫಾಲ್ಸಿಪಾರಮ್ ಮಲೇರಿಯಾ, ಮಿದುಳಿಗೆ ಏರುವ ಜಾತಿ. ಸಣ್ಣ ಮಕ್ಕಳನ್ನು ಬೇಗ ಕೆಡವುತ್ತದೆ.

ಹಡಗು ಬಂದರಿಗೆ ಬರುವ ಮುಂಚೆಯೇ ನಮಗೆ ಮಾತ್ರೆ ಶುರು ಮಾಡಿಸುತ್ತಿದ್ದರು. ಸಂಜೆ ಐದೂವರೆಗೆ ಬಾಗಿಲು, ಕಿಟಕಿ ಮುಚ್ಚಬೇಕು. ಡೆಕ್ ಮೇಲೆ ಹೋಗುವವರು ಉದ್ದ ತೋಳಿನ ಅಂಗಿ ಹಾಕಿ, ಕೈ, ಕುತ್ತಿಗೆ, ಪಾದದ ಗಂಟಿಗೆ ಡೀಟ್ ಹಚ್ಚಿಕೊಂಡೇ ಹೋಗಬೇಕು. ಡೀಟ್ ಅನ್ನುವುದು ಕಂಪನಿ ಹೆಸರಲ್ಲ, ಔಷಧಿಯ ಹೆಸರು. 1946ರಲ್ಲಿ ಅಮೆರಿಕದ ಸೈನ್ಯಕ್ಕೆ ಅಂತ ತಯಾರಾದದ್ದು, 1957ರಿಂದ ಸಾಮಾನ್ಯ ಜನ ಬಳಸುತ್ತಿದ್ದಾರೆ. ನಾನು ನಂಬಿದ್ದು ಅದನ್ನೇ.

ಒಂದು ಮಾತ್ರ ನೆನಪಿಡಿ. ಡೀಟ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಮೊದಲ ಸಲ ನನಗೆ ಯಾರೂ ಹೇಳಿರಲಿಲ್ಲ. ಹಚ್ಚಿಕೊಂಡ ಕೈಯಲ್ಲೇ ವಾಚ್ ಕಟ್ಟಿಕೊಂಡೆ. ಬೆಳಿಗ್ಗೆ ನೋಡಿದರೆ ಗಾಜಿನ ಜಾಗದಲ್ಲಿದ್ದ ಪ್ಲಾಸ್ಟಿಕ್ ಮಂಜು ಹಿಡಿದ ಹಾಗೆ ಬೆಳ್ಳಗಾಗಿದೆ, ಅಂಚಿನಲ್ಲಿ ನನ್ನ ಹೆಬ್ಬೆರಳಿನ ಗೆರೆ ಅಚ್ಚೊತ್ತಿದ ಹಾಗೆ ಕೂತಿದೆ. ಎಷ್ಟು ಒರೆಸಿದರೂ ಹೋಗಲಿಲ್ಲ. ಕನ್ನಡಕದ ಫ್ರೇಮು, ಮೊಬೈಲ್ ಕವರ್, ರೇಯಾನ್ ಬಟ್ಟೆ, ಎಳೆದರೆ ಹಿಗ್ಗುವ ಬಟ್ಟೆ, ಇವುಗಳಿಗೆ ತಾಗಿಸಬೇಡಿ. ಹತ್ತಿ, ಉಣ್ಣೆ, ನೈಲಾನಿಗೆ ಏನೂ ಆಗುವುದಿಲ್ಲ.

ಕುಮಟೆಯ ಔಷಧಿ ಅಂಗಡಿ
ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಅಕ್ಕ, ಮೊದಲು ಒಂದು ಕೆಲಸ ಮಾಡಿ. ಯಾವ ಡಬ್ಬಿ ಕೊಟ್ಟರೂ ಮುಂದಿನ ಚಿತ್ರ ನೋಡಬೇಡಿ, ಹಿಂದೆ ತಿರುಗಿಸಿ. ಸಣ್ಣ ಅಕ್ಷರದಲ್ಲಿ ಔಷಧಿಯ ಹೆಸರು, ಪಕ್ಕದಲ್ಲಿ ಶೇಕಡಾ ಎಷ್ಟು ಅಂತ ಇರುತ್ತದೆ. ಆ ಎರಡು ಮಾತು ಇಲ್ಲದಿದ್ದರೆ ಅಲ್ಲೇ ವಾಪಸ್ ಇಡಿ. ಗಿರಾಕಿಗಳು ನೂರು ಜನ ಬಂದರೆ ಹಿಂದೆ ತಿರುಗಿಸಿ ನೋಡುವವರು ಒಬ್ಬಿಬ್ಬರು, ಅದೇ ನನಗೆ ಬೇಸರ.

ನೀವು ಹುಡುಕಬೇಕಾದ ಹೆಸರು ಮೂರು ನಾಲ್ಕು ಅಷ್ಟೇ. ಡೀಟ್ ಒಂದು. ಪಿಕಾರಿಡಿನ್ ಇನ್ನೊಂದು, ಅದಕ್ಕೆ ಇಕಾರಿಡಿನ್ ಅಂತಲೂ ಬರೆದಿರುತ್ತಾರೆ. ಐಆರ್3535 ಅಂತ ಒಂದಿದೆ. ಪಿಎಂಡಿ ಅನ್ನುವುದು ನಿಂಬೆ ವಾಸನೆಯ ನೀಲಗಿರಿ ಎಣ್ಣೆಯಿಂದ ಬರುತ್ತದೆ, ಆದರೆ ಅಂಗಡಿಯಲ್ಲಿ ಸುಮ್ನೆ ವಾಸನೆಗೆ ಅಂತ ಮಾರುವ ಎಣ್ಣೆ ಬೇರೆ, ಅದರಲ್ಲಿ ಪಿಎಂಡಿ ಬಹಳ ಕಡಿಮೆ. ಪಿಎಂಡಿ ಮೂರು ವರ್ಷದೊಳಗಿನ ಮಕ್ಕಳಿಗೆ ಬೇಡ ಅನ್ನುತ್ತಾರೆ.

ಈಗ ಎಲ್ಲರೂ ತಪ್ಪು ತಿಳಿಯುವ ವಿಷಯ. ಶೇಕಡಾ ಜಾಸ್ತಿ ಆದರೆ ಸೊಳ್ಳೆ ಜಾಸ್ತಿ ಹೆದರುತ್ತದೆ ಅಂತಲ್ಲ. ಜಾಸ್ತಿ ಹೊತ್ತು ಕಾಯುತ್ತದೆ ಅಂತ ಅರ್ಥ. 10% ಡೀಟ್ ಸುಮಾರು ಎರಡು ಗಂಟೆ, 20ರಿಂದ 30% ಇದ್ದರೆ ನಾಲ್ಕೈದು ಗಂಟೆ. 50% ದಾಟಿದ ಮೇಲೆ ಹೆಚ್ಚಿಗೆ ಲಾಭವೇ ಇಲ್ಲ. ಹಾಗಾಗಿ 90, 95% ಅಂತ ದೊಡ್ಡದಾಗಿ ಬರೆದದ್ದನ್ನು ಕೊಳ್ಳಬೇಡಿ, ದುಡ್ಡೂ ದಂಡ, ಚರ್ಮಕ್ಕೂ ಉರಿ. ನಮ್ಮ ಹವೆಯಲ್ಲಿ ಬೆವರಿಗೆ ಇನ್ನೂ ಬೇಗ ಇಳಿದು ಹೋಗುತ್ತದೆ, ಅಲ್ಲಿಯೂ ಸೆಕೆ ಹೀಗೇ ತಾನೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಿಮ್ಮ ಮಗನಿಗೆ ನಾನಾದರೆ 20% ಪಿಕಾರಿಡಿನ್ ಹೇಳುತ್ತೇನೆ. ವಾಸನೆ ಕಡಿಮೆ, ಜಿಡ್ಡು ಕಡಿಮೆ, ಪ್ಲಾಸ್ಟಿಕ್ ಹಾಳಾಗುವುದಿಲ್ಲ. ಹಡಗಿನ ಅಣ್ಣನ ವಾಚಿನ ಗತಿ ಬರುವುದಿಲ್ಲ. ಇದನ್ನು ಕಟ್ಟಿದ ಮೂಲ ರಚನೆಗೆ ಪೈಪರಿಡಿನ್ ಅಂತ ಹೆಸರು. ಆ ಪೈಪರಿಡಿನ್ ಮೊದಲು ಸಿಕ್ಕಿದ್ದು ನಮ್ಮ ಕಾಳುಮೆಣಸಿನ ಖಾರದಿಂದ. ಸಿರಸಿ ಅಣ್ಣನಿಗೆ ಇದನ್ನು ಹೇಳಲೇಬೇಕು ಅನಿಸಿತು. ಹಾಗಂತ ಮೆಣಸು ಅರೆದು ಹಚ್ಚಿದರೆ ಕೆಲಸ ಆಗುವುದಿಲ್ಲ, ಅದು ಬೇರೆ.

ಈ ಪಿಕಾರಿಡಿನ್ ನಮ್ಮ ಊರಿನ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ಮೊದಲೇ ಹೇಳಿ ತರಿಸಿಕೊಳ್ಳಿ, ಕೊನೆ ವಾರಕ್ಕೆ ಬಿಡಬೇಡಿ.

ಹೊನ್ನಾವರ_ಹೊಳೆಬದಿ
ಒಡೋಮಸ್ ಸಾಕಾಗುವುದಿಲ್ವಾ? ನಾವೆಲ್ಲ ಅದನ್ನೇ ಹಚ್ಚಿ ಬೆಳೆದದ್ದು. ಮತ್ತೆ ಮಕ್ಕಳಿಗೆ ಕೈಪಟ್ಟಿ ಬರುತ್ತದಲ್ಲ, ನಮ್ಮ ಅಣ್ಣನ ಮಗಳಿಗೆ ಕಟ್ಟಿದ್ದೇವೆ, ಅದು ಸುಲಭ ಅಲ್ವಾ?

ಕುಮಟೆಯ ಔಷಧಿ ಅಂಗಡಿ
ಒಡೋಮಸ್ ಕ್ರೀಮಿನಲ್ಲಿ ಇರುವುದು ಡೈಈಥೈಲ್ ಬೆಂಜಮೈಡ್, 12%. ಡೀಟಿನ ಹತ್ತಿರದ ಸಂಬಂಧಿ ಅಂದುಕೊಳ್ಳಿ. ಅದು ಕೆಲಸ ಮಾಡುವ ಔಷಧಿಯೇ, ಸುಳ್ಳಲ್ಲ. ಮನೆಯಲ್ಲಿ ಸಂಜೆ ಜಗುಲಿಯಲ್ಲಿ ಕೂರುವುದಕ್ಕೆ ನಾನೂ ಅದನ್ನೇ ಹಚ್ಚಿಕೊಳ್ಳುತ್ತೇನೆ. ಆದರೆ ಮಲೇರಿಯಾ ತುಂಬಿದ ದೇಶಕ್ಕೆ ಹೋಗುವಾಗ ಜಾಸ್ತಿ ಹೊತ್ತು ನಿಲ್ಲುವುದು ಕೈಯಲ್ಲಿರಲಿ ಅಂತ ನನ್ನ ಅಭಿಪ್ರಾಯ.

ಕೈಪಟ್ಟಿಯ ವಿಷಯ ಕೇಳಿದಿರಿ. 2002ರಲ್ಲಿ ಅಮೆರಿಕದಲ್ಲಿ ಒಂದು ಪರೀಕ್ಷೆ ನಡೆಯಿತು. ಜನ ತಮ್ಮ ಕೈಗೆ ಬೇರೆ ಬೇರೆ ಮದ್ದು ಹಚ್ಚಿಕೊಂಡು ಸೊಳ್ಳೆ ತುಂಬಿದ ಗೂಡಿನೊಳಗೆ ಕೈ ಇಟ್ಟರು. ಸುಮಾರು 24% ಡೀಟ್ ಹಚ್ಚಿದ ಕೈಯನ್ನು ಸರಾಸರಿ ಐದು ಗಂಟೆವರೆಗೆ ಸೊಳ್ಳೆ ಮುಟ್ಟಲಿಲ್ಲ. ಸಿಟ್ರೊನೆಲ್ಲಾ, ಅಂದರೆ ನಮ್ಮ ಮಜ್ಜಿಗೆ ಹುಲ್ಲಿನ ಜಾತಿಯ ಎಣ್ಣೆ, ಇಪ್ಪತ್ತು ನಿಮಿಷವೂ ತಡೆಯಲಿಲ್ಲ. ಕೈಪಟ್ಟಿ ಕಟ್ಟಿಕೊಂಡವರಿಗೆ ಅರ್ಧ ನಿಮಿಷದೊಳಗೆ ಕಚ್ಚಿತು. ಅರ್ಧ ನಿಮಿಷ! ಪಟ್ಟಿ ಮಣಿಕಟ್ಟಿನಲ್ಲಿ ಇದ್ದರೆ ಕಾಲಿಗೆ ಹೋಗುವ ಸೊಳ್ಳೆಗೆ ಏನು? ಹಚ್ಚುವ ಮದ್ದು ಕೂಡ ಹಚ್ಚಿದ ಜಾಗವನ್ನು ಮಾತ್ರ ಕಾಯುತ್ತದೆ, ನಾಲ್ಕು ಬೆರಳಿನಷ್ಟು ಜಾಗ ಬಿಟ್ಟರೆ ಅಲ್ಲೇ ಬಂದು ಕೂರುತ್ತದೆ. ದಯವಿಟ್ಟು ಆ ಮಗುವಿಗೆ ಪಟ್ಟಿ ಒಂದನ್ನೇ ನಂಬಿ ಬಿಡಬೇಡಿ. ಕೀಂ ಅಂತ ಸದ್ದು ಮಾಡುವ ಯಂತ್ರ, ಮೊಬೈಲಿನ ಆ್ಯಪ್, ಬೆಳ್ಳುಳ್ಳಿ ತಿನ್ನುವುದು, ಇವು ಯಾವುದೂ ಆಗುವುದಿಲ್ಲ.

ಸಿದ್ದಾಪುರದ ಮಾಸ್ತರು
ನಮ್ಮ ತಾಲೂಕಿನ ಮಾತು ಒಂದು ಸೇರಿಸುತ್ತೇನೆ. ಮಂಗನ ಕಾಯಿಲೆ ಗೊತ್ತಲ್ಲ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು. ಅದು ಸೊಳ್ಳೆಯಿಂದ ಅಲ್ಲ, ಉಣುಗಿನಿಂದ ಬರುತ್ತದೆ. ಅದಕ್ಕೆ ಆರೋಗ್ಯ ಇಲಾಖೆಯವರು ಡೇಪಾ ಎಣ್ಣೆ ಕೊಡುತ್ತಾರೆ. ಕಾಡಿಗೆ, ತೋಟಕ್ಕೆ, ಸೊಪ್ಪಿಗೆ ಹೋಗುವ ಮುಂಚೆ ಕೈಕಾಲಿಗೆ ಸವರಿಕೊಂಡು ಹೋಗಬೇಕು. ಆ ಡೇಪಾ ನಮ್ಮ ದೇಶದ್ದೇ, ಗ್ವಾಲಿಯರಿನ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದದ್ದು, ಸೊಳ್ಳೆಗೂ ಆಗುತ್ತದೆ.

ನಾನು ಯಾಕೆ ಹೇಳಿದೆ ಅಂದರೆ, ಕೊಟ್ಟ ಬಾಟಲಿ ಎಷ್ಟೋ ಮನೆಯಲ್ಲಿ ಗೂಡಿನಲ್ಲಿ ಹಾಗೆಯೇ ಕೂತಿರುತ್ತದೆ. ನಮ್ಮಲ್ಲಿ ಅಡಿಕೆ ಕೊನೆ ಕೊಯ್ಯಲು ಬರುವ ಗೌಡರಿಗೆ ಕೊಟ್ಟರೆ, ಮಾಸ್ತರೇ, ಕೈಗೆ ಹಚ್ಚಿದರೆ ಮರ ಜಾರುತ್ತದೆ ಅಂದರು. ಅವರ ಮಾತು ನಿಜ. ಆಮೇಲೆ ಅಂಗೈ ಬಿಟ್ಟು ಮೊಣಕೈವರೆಗೆ, ಕಾಲಿಗೆ, ಸೊಂಟದ ಸುತ್ತ ಹಚ್ಚಿಕೊಂಡು ಹತ್ತಲು ಶುರು ಮಾಡಿದರು. ಮದ್ದು ಒಳ್ಳೆಯದಿದ್ದರೆ ಸಾಲದು, ದಿನಾ ಹಚ್ಚಿಕೊಳ್ಳಲು ಮನಸ್ಸು ಬರುವ ಹಾಗೆ ಇರಬೇಕು. ನಾಲ್ಕು ವರ್ಷದ ಹುಡುಗ ವಾಸನೆಗೆ ಓಡಿಹೋದರೆ ಯಾವ ಮದ್ದೂ ಇಲ್ಲದ ಹಾಗೇ. ಹಾಗಾಗಿ ತಂಗಿ, ಹೊರಡುವ ಮುಂಚೆ ಇಲ್ಲೇ ಹಚ್ಚಿ ರೂಢಿ ಮಾಡಿಸು.

ಶಿರಾಲಿಯವಳು
ನನಗೆ ಒಂದು ಹೆದರಿಕೆ. ಡೀಟ್ ವಿಷ, ನರಕ್ಕೆ ತೊಂದರೆ, ಮಕ್ಕಳಿಗೆ ಹಚ್ಚಲೇಬಾರದು ಅಂತ ವಾಟ್ಸಾಪಿನಲ್ಲಿ ಬಂದಿತ್ತು. ನನ್ನ ತಂಗಿ ಗಲ್ಫಿನಲ್ಲಿ ಇದ್ದಾಳೆ, ಅವಳೂ ಬೇಡ ಅಂದಳು.

ಕುಮಟೆಯ ಔಷಧಿ ಅಂಗಡಿ
ಹೆದರಿಕೆ ಸಹಜ. ಕುಡಿದರೆ, ಕಣ್ಣಿಗೆ ಹೋದರೆ, ದಿನಕ್ಕೆ ಹತ್ತು ಸಲ ಮೈಯೆಲ್ಲ ಮೆತ್ತಿದರೆ ತೊಂದರೆ ಆಗುತ್ತದೆ. ಡಬ್ಬಿಯಲ್ಲಿ ಹೇಳಿದ ಹಾಗೆ ಹಚ್ಚಿ, ಒಳಗೆ ಬಂದ ಮೇಲೆ ಸೋಪು ಹಾಕಿ ತೊಳೆದರೆ ಮಕ್ಕಳಿಗೂ ಆಗುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುವುದು, ಮಕ್ಕಳಿಗೆ 30% ಮೀರಬೇಡಿ, ಎರಡು ತಿಂಗಳು ತುಂಬದ ಕೂಸಿಗೆ ಹಚ್ಚಲೇಬೇಡಿ ಅಂತ. ಅರುವತ್ತು ವರ್ಷಕ್ಕೂ ಮೇಲ್ಪಟ್ಟು ಜಗತ್ತೆಲ್ಲ ಬಳಸಿದ ಮದ್ದು ಇದು. ಆ ವಾಟ್ಸಾಪ್ ಮಾತು ಕೇಳಿ ಏನೂ ಹಚ್ಚದೆ ಕರೆದುಕೊಂಡು ಹೋಗುವುದೇ ದೊಡ್ಡ ಅಪಾಯ.

ಕೋಡಿಬಾಗದ ಅಮ್ಮ
ನೀವೆಲ್ಲ ಇಷ್ಟು ಹೇಳಿದ್ದು ನೋಡಿ ಕಣ್ಣು ತುಂಬಿತು. ಇನ್ನೂ ಎರಡು ಸಂಶಯ. ಬಿಸಿಲಿಗೆ ಕ್ರೀಮು ಹಚ್ಚುತ್ತೇನಲ್ಲ, ಅದು ಮೊದಲೋ ಇದು ಮೊದಲೋ? ಮುಖಕ್ಕೆ ಸ್ಪ್ರೇ ಹೊಡೆಯಬಹುದಾ? ಅವನು ಇನ್ನೂ ಬೆರಳು ಚೀಪುತ್ತಾನೆ.

ಕುಮಟೆಯ ಔಷಧಿ ಅಂಗಡಿ
ಬಿಸಿಲಿನ ಕ್ರೀಮು ಮೊದಲು. ಅದು ಚರ್ಮಕ್ಕೆ ಹಿಡಿದ ಮೇಲೆ ಸೊಳ್ಳೆಯದ್ದು. ಎರಡೂ ಸೇರಿಸಿದ್ದು ಅಂತ ಒಂದೇ ಬಾಟಲಿ ಬರುತ್ತದೆ, ಅದು ಬೇಡ, ಯಾಕೆಂದರೆ ಬಿಸಿಲಿನದ್ದು ಪದೇ ಪದೇ ಹಚ್ಚಬೇಕು, ಸೊಳ್ಳೆಯದ್ದು ಹಾಗೆ ಹಚ್ಚಬಾರದು. ಮುಖಕ್ಕೆ ಸೀದಾ ಹೊಡೆಯಬೇಡಿ. ನಿಮ್ಮ ಅಂಗೈಗೆ ಹಾಕಿಕೊಂಡು ಅವನ ಕೆನ್ನೆ, ಹಣೆ, ಕಿವಿಯ ಹಿಂದೆ ಸವರಿ, ಕಣ್ಣು ಬಾಯಿಯ ಹತ್ತಿರ ಬಿಡಿ. ಅವನ ಅಂಗೈಗೆ, ಬೆರಳಿಗೆ ಹಚ್ಚಲೇಬೇಡಿ. ಬಟ್ಟೆಯ ಒಳಗೆ ಬೇಡ, ಗಾಯ ಇದ್ದಲ್ಲಿ ಬೇಡ. ಅವನೇ ಹಚ್ಚಿಕೊಳ್ಳುತ್ತೇನೆ ಅಂದರೂ ಬಾಟಲಿ ಕೈಗೆ ಕೊಡಬೇಡಿ.

ಗೋಕರ್ಣ_ರೂಮು
ನಮ್ಮಲ್ಲಿ ಪ್ರವಾಸಿಗಳಿಗೆ ಬಾಡಿಗೆ ರೂಮು ಇದೆ. ಹೊರದೇಶದವರನ್ನು ನೋಡಿ ಕಲಿತದ್ದು ಹೇಳುತ್ತೇನೆ. ರಾತ್ರಿ ಮಾತ್ರ ಸೊಳ್ಳೆ ಅಂತ ನಾವು ತಿಳಿದಿದ್ದೇವೆ. ಮಲೇರಿಯಾದ್ದು ಕತ್ತಲಾದ ಮೇಲೆ ಬರುತ್ತದೆ, ನಿಜ. ಡೆಂಗಿಯದ್ದು, ಕಾಲಿಗೆ ಬಿಳಿ ಪಟ್ಟೆ ಇರುವುದು, ಹಗಲಿನದ್ದು. ಬೆಳಿಗ್ಗೆ ಬಿಸಿಲು ಏರುವ ಮುಂಚೆ, ಸಂಜೆ ಬಿಸಿಲು ಇಳಿಯುವ ಮುಂಚೆ ಅದರ ಹೊತ್ತು. ಸದ್ದು ಮಾಡದೆ ಮೇಜಿನ ಕೆಳಗೆ ಬಂದು ಕಾಲಿನ ಗಂಟಿಗೆ ಕಚ್ಚುತ್ತದೆ. ಆಫ್ರಿಕದಲ್ಲಿ ಎರಡೂ ಇವೆ, ಹಾಗಾಗಿ ಹಗಲಿಗೊಂದು ಸಲ, ಸಂಜೆಗೊಂದು ಸಲ ಅಂತ ಲೆಕ್ಕ ಹಾಕಿ.

ರಾತ್ರಿಗೆ ಪರದೆಯೇ ಸರಿ. ಔಷಧಿ ಹಿಡಿಸಿದ ಪರದೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಕಟ್ಟಿದರೆ ಆಗಲಿಲ್ಲ, ನಾಲ್ಕೂ ಕಡೆ ಹಾಸಿಗೆಯ ಕೆಳಗೆ ಸಿಕ್ಕಿಸಬೇಕು. ನಿದ್ದೆಯಲ್ಲಿ ಮಗುವಿನ ಕಾಲು ಪರದೆಗೆ ತಾಗಿದರೆ ಹೊರಗಿನಿಂದಲೇ ಕಚ್ಚುತ್ತದೆ, ಅದಕ್ಕೆ ದೊಡ್ಡ ಪರದೆ ತನ್ನಿ. ಫ್ಯಾನ್ ಜೋರಾಗಿ ಇಡಿ, ಸೊಳ್ಳೆಗೆ ಗಾಳಿ ಎದುರು ಹಾರಲು ಬಲ ಇಲ್ಲ. ಕಾಯಿಲ್ ಮುಚ್ಚಿದ ರೂಮಿನಲ್ಲಿ ಹಚ್ಚಬೇಡಿ. ಒಂದು ಕಾಯಿಲ್ ಉರಿದು ಮುಗಿಯುವಷ್ಟರಲ್ಲಿ ಬರುವ ಸಣ್ಣ ಹೊಗೆಕಣ 75ರಿಂದ 137 ಸಿಗರೇಟಿನಷ್ಟು ಅಂತ ಲೆಕ್ಕ ಹಾಕಿದ್ದಾರೆ. ಅದನ್ನು ಓದಿದ ದಿನದಿಂದ ನಮ್ಮ ರೂಮುಗಳಲ್ಲಿ ನಿಲ್ಲಿಸಿದೆವು, ಕಿಟಕಿಗೆಲ್ಲ ಜಾಳಿಗೆ ಹಾಕಿಸಿದೆವು.

ಸಿರಸಿ ತೋಟದಿಂದ
ಎಲ್ಲ ಓದಿದೆ. ನಾನು ಹೇಳಿದ ಬೇವಿನ ಎಣ್ಣೆ ಆ ದೇಶಕ್ಕೆ ಸಾಲದು ಅಂತ ಒಪ್ಪಿದೆ. ತಂಗಿ, ಕುಮಟೆಯವರು ಹೇಳಿದ್ದನ್ನೇ ತರಿಸು.

ಗೋಕರ್ಣದವರು ಪಟ್ಟೆ ಸೊಳ್ಳೆ ಅಂದದ್ದಕ್ಕೆ ಇವತ್ತು ಬೆಳಿಗ್ಗೆ ತೋಟಕ್ಕೆ ಹೋಗಿ ನೋಡಿದೆ. ಮಳೆ ಬಂದು ನಾಲ್ಕೈದು ದಿನ ಆಗಿತ್ತು. ಬಿದ್ದ ಅಡಿಕೆ ಹಾಳೆ ದೋಣಿಯ ಹಾಗೆ ಮಡಚಿಕೊಂಡು ಒಂದು ಲೋಟದಷ್ಟು ನೀರು ಹಿಡಿದಿದೆ. ಬಗ್ಗಿ ನೋಡಿದರೆ ನೀರಲ್ಲಿ ದಾರದ ತುಂಡಿನ ಹಾಗಿನ ಹುಳ, ನೆರಳು ಬಿದ್ದ ಕೂಡಲೇ ಕೊಂಕಿ ಕೊಂಕಿ ತಳಕ್ಕೆ ಇಳಿಯುತ್ತವೆ, ಸ್ವಲ್ಪ ಹೊತ್ತಿಗೆ ಉಸಿರಿಗೆ ಮೇಲೆ ಬರುತ್ತವೆ. ಒಂದೇ ಹಾಳೆಯಲ್ಲಿ ಮೂವತ್ತರ ಮೇಲೆ ಎಣಿಸಿದೆ. ನಮ್ಮ ತೋಟದಲ್ಲಿ ಇಂಥ ಹಾಳೆ ಎಷ್ಟು ಬಿದ್ದಿವೆಯೋ. ಸಂಜೆ ಹೊಗೆ ಹಾಕುತ್ತಾ ಹಗಲು ನಾವೇ ಸಾಕುತ್ತಿದ್ದೆವು. ಆಳುಗಳ ಜೊತೆ ನಿಂತು ಎಲ್ಲ ಹಾಳೆ ಮಗುಚಿ ಹಾಕಿಸಿದೆ, ಇನ್ನು ಮಳೆಗಾಲ ಮುಗಿಯುವವರೆಗೆ ವಾರಕ್ಕೊಮ್ಮೆ ಇದೇ ಕೆಲಸ. ಅಲ್ಲಿ ಮನೆ ಸುತ್ತ ಬಕೆಟ್, ಹೂಕುಂಡದ ತಟ್ಟೆ, ಹಳೇ ಟೈರಿನಲ್ಲಿ ನೀರು ನಿಂತಿದೆಯಾ ಅಂತ ನಿನ್ನ ಯಜಮಾನರಿಗೆ ಇವತ್ತೇ ನೋಡಲು ಹೇಳು.

ಅಂಕೋಲೆಯ ಹಡಗಿನವ
ಅಕ್ಕ, ಹಚ್ಚುವ ಮದ್ದಿನ ಮಾತು ಆಯಿತು. ಅದೊಂದೇ ಸಾಕು ಅಂತ ಮಾತ್ರ ಹೋಗಬೇಡಿ. ಘಾನಾಕ್ಕೆ ಹಳದಿ ಜ್ವರದ ಲಸಿಕೆ ಕಾರ್ಡು ಬೇಕೇ ಬೇಕು. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲೆ ಕಾರ್ಡಿಗೆ ಬೆಲೆ, ಆಮೇಲೆ ಜೀವಮಾನ ನಡೆಯುತ್ತದೆ. ಸರ್ಕಾರ ಒಪ್ಪಿದ ಕೆಲವೇ ಕೇಂದ್ರಗಳಲ್ಲಿ ಹಾಕುತ್ತಾರೆ, ಹಾಗಾಗಿ ಈ ವಾರವೇ ಫೋನ್ ಮಾಡಿ ದಿನ ಗೊತ್ತು ಮಾಡಿ. ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಕೇಳುತ್ತಾರೆ. ಮಲೇರಿಯಾ ಮಾತ್ರೆಗೆ ಡಾಕ್ಟರ ಹತ್ತಿರ ಹೋಗಿ, ಮಗುವಿನ ತೂಕ ನೋಡಿ ಕೊಡುತ್ತಾರೆ. ದೊಡ್ಡವರಿಗೆ ಕೊಡುವ ಡಾಕ್ಸಿಸೈಕ್ಲಿನ್ ಅಷ್ಟು ಸಣ್ಣವರಿಗೆ ಕೊಡುವುದಿಲ್ಲ. ಊರಿಗೆ ಬಂದ ಮೇಲೂ ಕೆಲವು ದಿನ ಮಾತ್ರೆ ಮುಂದುವರಿಸಬೇಕು, ಅರ್ಧಕ್ಕೆ ನಿಲ್ಲಿಸಬೇಡಿ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ ರಜೆಗೆ ಊರಿಗೆ ಬಂದ. ಮೂರನೇ ವಾರ ಚಳಿಜ್ವರ. ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದ, ಮಳೆಗಾಲದ ಜ್ವರ ಅಂತ ಮಾತ್ರೆ ಕೊಟ್ಟು ಕಳಿಸಿದರು. ಆಫ್ರಿಕದಿಂದ ಬಂದೆ ಅಂತ ಅವನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ನಾಲ್ಕನೇ ದಿನ ಅವನಿಗೆ ಮಾತು ತೊದಲಿತು. ಅವನ ಅಮ್ಮ ನನಗೆ ಫೋನ್ ಮಾಡಿದರು. ನಾನು ಹಾಸಿಗೆಯಿಂದ ಎದ್ದು ನಿಂತು ಕೂಗಿದೆ, ರಕ್ತ ಪರೀಕ್ಷೆ ಮಾಡಿಸಿ, ಮಲೇರಿಯಾ ಅಂತ ಹೇಳಿ ಮಾಡಿಸಿ ಅಂತ. ದೊಡ್ಡ ಆಸ್ಪತ್ರೆಗೆ ಸೇರಿಸಿದರು, ಬದುಕಿಕೊಂಡ, ದೇವರ ದಯೆ. ಅಕ್ಕ, ಬಂದ ಮೇಲೆ ಎಷ್ಟೇ ತಿಂಗಳು ಕಳೆದಿರಲಿ, ಜ್ವರ ಬಂದರೆ ಮೊದಲ ಮಾತೇ ಘಾನಾದಿಂದ ಬಂದಿದ್ದೇವೆ ಅಂತ ಹೇಳಿ. ಕಾರಣ ಗೊತ್ತಾಗುವವರೆಗೆ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಡಬೇಡಿ, ಡೆಂಗಿ ಇದ್ದರೆ ಅವುಗಳಿಂದ ರಕ್ತ ಸೋರಬಹುದು.

ಬಾಟಲಿಗಳನ್ನು ದೊಡ್ಡ ಬ್ಯಾಗಿಗೆ ಹಾಕಿ. ಕೈ ಬ್ಯಾಗಿನಲ್ಲಿ 100 ಮಿಲಿ ದಾಟಿದರೆ ತೆಗೆದಿಡುತ್ತಾರೆ. ಇಳಿದ ಕೂಡಲೇ ಬೇಕಾಗುತ್ತದೆ, ಒಂದು ಸಣ್ಣದು ಕೈಯಲ್ಲಿರಲಿ.

ಕೋಡಿಬಾಗದ ಅಮ್ಮ
ಮೂರು ವಾರ ಆಯಿತು. ಹೇಳದೆ ಹೋಗಬಾರದು ಅಂತ ಬಂದೆ. ಇಬ್ಬರಿಗೂ ಲಸಿಕೆ ಆಯಿತು, ಹಳದಿ ಕಾರ್ಡು ಪಾಸ್‌ಪೋರ್ಟಿನ ಜೊತೆ ಇಟ್ಟಿದ್ದೇನೆ. ಡಾಕ್ಟರು ಮಗನ ತೂಕ ನೋಡಿ ಮಾತ್ರೆ ಬರೆದುಕೊಟ್ಟರು. 20% ಪಿಕಾರಿಡಿನ್ ಲೋಷನ್ ತರಿಸಿದೆ, ಬಾಟಲಿ ಹಿಂದೆ ತಿರುಗಿಸಿ ನಾನೇ ಓದಿದೆ. ಹೆಸರು, ಶೇಕಡಾ ಎರಡೂ ಇತ್ತು.

ಮಾಸ್ತರು ಹೇಳಿದ ಹಾಗೆ ಇಲ್ಲೇ ರೂಢಿ ಮಾಡಿಸಿದೆ. ಮೊದಲ ದಿನ ಮೊಣಕೈ ಒಳಗೆ ಒಂದು ಚುಕ್ಕಿ ಹಚ್ಚಿ ಮರುದಿನದವರೆಗೆ ಕಾದೆ, ದದ್ದು ಬರಲಿಲ್ಲ. ಎರಡನೇ ದಿನ ಕಾಲಿಗೆ ಹಚ್ಚಲು ಹೋದರೆ ಅತ್ತು ಓಡಿದ. ಆಮೇಲೆ ನನ್ನ ಕಾಲಿಗೆ ಅವನ ಕಣ್ಣೆದುರೇ ಹಚ್ಚಿಕೊಂಡೆ, ಎರಡು ದಿನ ಹೀಗೆ ಮಾಡಿದ ಮೇಲೆ ತಾನೇ ಬಂದು ಕಾಲು ಚಾಚಿದ. ನಿನ್ನೆ ಸಂಜೆ ಕಾಳಿ ಹೊಳೆಯ ಬದಿಗೆ ಹೋಗಿದ್ದೆವು. ಅವನ ಎರಡೂ ಕಾಲಿಗೆ ಹಚ್ಚಿದ್ದೆ, ನನ್ನ ಎಡ ಪಾದದ ಹಿಮ್ಮಡಿಯ ಹತ್ತಿರ ಮರೆತಿದ್ದೆ. ಮನೆಗೆ ಬಂದು ನೋಡಿದರೆ ಅಲ್ಲೇ ಮೂರು ಕಡೆ ಕಚ್ಚಿದೆ, ಬೇರೆ ಎಲ್ಲೂ ಇಲ್ಲ. ಮಗನ ಮೈಯಲ್ಲಿ ದೀಪ ಹಿಡಿದು ಹುಡುಕಿದೆ, ಒಂದೂ ಇಲ್ಲ.

ದೊಡ್ಡ ಪರದೆ ಬ್ಯಾಗಿಗೆ ಹಾಕಿದ್ದೇನೆ. ನಮ್ಮವರು ಅಲ್ಲಿ ಮನೆ ಹಿಂದೆ ಇದ್ದ ಎರಡು ಟೈರು ತೆಗೆಸಿದರಂತೆ, ಎರಡರಲ್ಲೂ ಹುಳ ಇತ್ತಂತೆ. ಶುಕ್ರವಾರ ಮುಂಬೈಯಿಂದ ವಿಮಾನ.

ಸಿರಸಿ ತೋಟದಿಂದ
ಹೋಗಿ ಬಾ ತಂಗಿ. ತಲುಪಿದ ಮೇಲೆ ಒಂದು ಸಾಲು ಬರೆ, ಮಗ ಹೇಗಿದ್ದಾನೆ ಅಂತ.